ಸತ್ತ ಮಾಂಸ ಬಿಡಿಸುವ ವಿದ್ಯೆ

ಗಾಯದ ಮಾಂಸ ಸಾಯುವುದು ಹೆಚ್ಚಾಗಿ ಅಲ್ಲಿಗೆ ರಕ್ತ ತಲುಪದೆ ಹೋದಾಗ. ಸುಟ್ಟಾಗ, ವಿಷ ತಾಗಿದಾಗ, ಸೋಂಕು ಬಲಿತಾಗಲೂ ಸಾಯುತ್ತದೆ. ಒಣಗಿದರೆ ಕರ್ರಗೆ ತೊಗಲಿನಂತೆ ಗಟ್ಟಿಯಾಗುತ್ತದೆ; ತೇವವಿದ್ದರೆ ಹಳದಿ ಲೋಳೆಯಾಗಿ ಅಂಟಿಕೊಂಡು ನಾರುತ್ತದೆ. ಅದು ಹೋಗುವ ತನಕ ಕೆಂಪು ಮಾಂಸ ತುಂಬಿಕೊಳ್ಳದು.

ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ, ಹೇಮಾವತಿ ಬಯಲಿನ ಗದ್ದೆಗಳಲ್ಲಿ, ಇದಕ್ಕೆ ಹಳೆಯ ಕಾರಣ ಹಾವು. ನಾಗರ ಮತ್ತು ಕೊಳಕುಮಂಡಲ ಕಚ್ಚಿದ ಜಾಗದ ಮಾಂಸವನ್ನು ವಿಷವೇ ಕೊಲ್ಲುತ್ತದೆ. ವಿಷ ಏರಬಾರದೆಂದು ಹಗ್ಗ ಬಿಗಿಯುವ ರೂಢಿ ಉಳಿದ ರಕ್ತವನ್ನೂ ತಡೆದು ಕೇಡನ್ನು ಹೆಚ್ಚಿಸಿತು. ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು ಈಚಿನದು: ಕಾಲಿಗೆ ಸ್ಪರ್ಶವಿಲ್ಲದ್ದರಿಂದ ಚಪ್ಪಲಿಯೊಳಗಿನ ಕಲ್ಲು ಸಂಜೆಯವರೆಗೂ ಗೊತ್ತಾಗುವುದಿಲ್ಲ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಶುರುವಾಗುವುದೇ ವ್ರಣದಿಂದ. ಅದಕ್ಕೆ 60 ಉಪಕ್ರಮಗಳನ್ನು ಹೇಳಿದೆ. ಛೇದನ, ಲೇಖನ ಎಂದರೆ ಕೊಯ್ಯುವುದು, ಕೆರೆಯುವುದು. ಮೊದಲು ಶೋಧನ (ಶುದ್ಧಿ), ಆಮೇಲೆ ರೋಪಣ (ಮಾಯಿಸುವುದು) ಎಂಬ ಅದರ ಕ್ರಮ ಇಂದಿಗೂ ಬದಲಾಗಿಲ್ಲ. ಕನ್ನಡದಲ್ಲಿ 12ನೇ ಶತಮಾನದ ಹೊತ್ತಿಗೆ ಕೀರ್ತಿವರ್ಮನ ‘ಗೋವೈದ್ಯ’ವೂ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ ಬಂದಿದ್ದವು. ಎರಡನೆಯದು ಜೈನಾಚಾರಕ್ಕೆ ಒಗ್ಗುವ ವೈದ್ಯಗ್ರಂಥ. ಸುಶ್ರುತನ ಕಡೆಯವರು ಹುಣ್ಣಿಗೆ ಧಾರಾಳವಾಗಿ ಹಚ್ಚುತ್ತಿದ್ದ ಜೇನು ಆ ಆಚಾರದಲ್ಲಿ ನಿಷಿದ್ಧ. ಪಕ್ಕದ ಚನ್ನರಾಯಪಟ್ಟಣ ಸೀಮೆಯಲ್ಲೇ ಶ್ರವಣಬೆಳಗೊಳವಿರುವಾಗ ಇದು ಸಣ್ಣ ಮಾತಲ್ಲ.

ಊರಿನ ಜನ ಕೊಳೆತ ಮಾಂಸವನ್ನು ಹತ್ತಿರದಿಂದ ಕಂಡದ್ದು ಹೆಚ್ಚಾಗಿ ಕೊಟ್ಟಿಗೆಯಲ್ಲಿ. ನೊಗ ಉಜ್ಜಿದ ಎತ್ತಿನ ಹೆಗಲು ಹುಣ್ಣಾಗಿ, ನೊಣ ಕೂತು, ಹುಳ ಬೀಳುತ್ತಿತ್ತು. ಸೀತಾಫಲದ ಎಲೆ ಅರೆದು ತುಂಬಿದರೆ, ಇಲ್ಲವೆ ಹೊಗೆಸೊಪ್ಪಿನ ರಸ ಹಿಂಡಿದರೆ, ಹುಳಗಳು ಒಂದೊಂದಾಗಿ ಹೊರಬರುತ್ತಿದ್ದವು. ಅತ್ತ ಅಮೆರಿಕದ ವೈದ್ಯ ವಿಲಿಯಂ ಬೇರ್ ಮೊದಲ ಮಹಾಯುದ್ಧದ ಗಾಯಾಳುಗಳಲ್ಲಿ ಹುಳ ಬಿದ್ದ ಗಾಯ ಶುಭ್ರವಾಗಿರುವುದನ್ನು ಕಂಡು, ಮುಂದೆ ಹುಳಗಳನ್ನೇ ಸಾಕಿ ಚಿಕಿತ್ಸೆಗೆ ಬಳಸಿದ. ಅವನ ವರದಿ ಹೊರಬಂದದ್ದು 1931ರಲ್ಲಿ. ಹಾಗೆಂದು ರೈತನದು ತಪ್ಪೆನ್ನುವಂತಿಲ್ಲ. ಬೇರ್ ಸಾಕಿದ್ದು ಸತ್ತ ಮಾಂಸವನ್ನಷ್ಟೇ ತಿನ್ನುವ ಜಾತಿ. ನಮ್ಮ ದನಗಳಿಗೆ ಬೀಳುವ ಹುಳಗಳಲ್ಲಿ ಜೀವಂತ ಮಾಂಸ ಕೊರೆಯುವ ಜಾತಿಯೂ ಇದೆ.

ಹಾಸನದ ರೆಡ್‌ಫರ್ನ್ ಮಿಷನ್ ಆಸ್ಪತ್ರೆ, ಚಾಮರಾಜೇಂದ್ರ ಆಸ್ಪತ್ರೆಗಳ ಕಾಲಕ್ಕೆ ಕತ್ತರಿ, ಚಿಮಟ ಬಂದವು. ಗಾಯ ತೊಳೆಯಲು ಸುಣ್ಣ, ಕ್ಲೋರಿನ್ ಸೇರಿದ ಯೂಸಾಲ್ ದ್ರಾವಣ 1915ರದು. ಭಾರತದ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ಓಡಿತು. ಗಾಯ ಒಣಗಿ ಹಕ್ಕಳೆ ಕಟ್ಟಬೇಕೆಂಬ ನಂಬಿಕೆಯನ್ನು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ಪರೀಕ್ಷಿಸಿ ಅಲ್ಲಗಳೆದ: ತೇವದಲ್ಲೇ ಚರ್ಮ ಬೇಗ ಕೂಡುತ್ತದೆ. ಊರಿನವರು ಮಾತ್ರ ಇಂದಿಗೂ ಗಾಯ ‘ಒಣಗಿತೇ’ ಎಂದೇ ಕೇಳುತ್ತಾರೆ. ಈಗ ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಇದೆ.

ಎಲ್ಲ ಸತ್ತ ಮಾಂಸವನ್ನೂ ಕೊಯ್ಯುವಂತಿಲ್ಲ. ತಂಬಾಕಿನಿಂದಾದದ್ದು ಅಂಥದ್ದು; ಅರಕಲಗೂಡಿನ ರಾಮನಾಥಪುರದಲ್ಲಿ ಅದರ ಹರಾಜಿನ ಕಟ್ಟೆಯೇ ಇದೆ. ಎತ್ತಿನ ಹುಳ ಹೊರಡಿಸಿದ ಆ ಹೊಗೆಸೊಪ್ಪೇ ಬೀಡಿ, ಸಿಗರೇಟಾಗಿ ಸೇದುವವನ ಕಾಲಿನ ರಕ್ತನಾಳ ಮುಚ್ಚಿಸಿ ಬೆರಳ ತುದಿ ಕಪ್ಪಾಗಿಸುತ್ತದೆ. ಸೋಂಕಿಲ್ಲದ ಅಂಥ ಒಣ ಕಪ್ಪನ್ನು ರಕ್ತ ಹರಿಯುವ ದಾರಿ ಸರಿಪಡಿಸುವ ಮುನ್ನ ಕೆರೆದರೆ, ಕೆರೆದಲ್ಲಿಂದ ಮೇಲಕ್ಕೂ ಮಾಂಸ ಸಾಯುತ್ತದೆ.