ವಿಮರ್ಶೆ ಕವಿಯನ್ನು ಕೊಂದೀತೆ?

ಸ್ವಂತ ಪುಸ್ತಕವೊಂದನ್ನು ಅಚ್ಚು ಹಾಕಿಸಿ, ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿ, ವಾರವಾರವೂ ವಿಮರ್ಶೆಯ ಪುಟವನ್ನು ತೆರೆದು ನೋಡುವವನ ಎದೆ ಹೇಗೆ ಬಡಿದುಕೊಳ್ಳುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ನನ್ನ ಮೊದಲ ಕವನಸಂಗ್ರಹ ಹೊರಬಂದಾಗ ನನಗೆ ಇಪ್ಪತ್ತಾರು ವರ್ಷ. ಸಂಬಳದಲ್ಲಿ ಉಳಿಸಿದ ಹಣದಿಂದ ಐನೂರು ಪ್ರತಿ ಮಾಡಿಸಿದ್ದೆ. ಮೂರು ತಿಂಗಳ ಮೇಲೆ ವಿಮರ್ಶೆ ಬಂತು: ಒಟ್ಟು ಹನ್ನೆರಡು ಸಾಲು. ಅದರಲ್ಲಿ ಹೊಗಳಿಕೆಯೆಂದು ಎಣಿಸಬಹುದಾದದ್ದು ಒಂದೇ ಒಂದು. ಪುಸ್ತಕದ ಕಾಗದ ಚೆನ್ನಾಗಿದೆಯಂತೆ!

ಆ ದಿನ ರಾತ್ರಿ ನಾನು ಊಟಕ್ಕೆ ಏಳಲಿಲ್ಲ. ತಾಯಿ ಬಂದು ಹಣೆ ಮುಟ್ಟಿ ನೋಡಿದರು. ಸಂಗತಿ ತಿಳಿದ ಮೇಲೆ, “ಹನ್ನೆರಡು ಸಾಲಿಗೆ ಯಾರಾದರೂ ಊಟ ಬಿಡ್ತಾರೇನೋ? ಏಳು, ಸಾರು ಆರಿಹೋಗುತ್ತೆ” ಎಂದರು. ನಾನು ಏಳಲಿಲ್ಲ. ಮರುದಿನ ಗೆಳೆಯನೊಬ್ಬ ಬೇರೊಂದು ಬಗೆಯ ಸಮಾಧಾನ ತಂದ. “ಬಿಡಯ್ಯ, ಕೀಟ್ಸನನ್ನೇ ಬಿಡಲಿಲ್ಲ ಈ ಜನ. ವಿಮರ್ಶೆ ಓದಿಯೇ ಸತ್ತನಲ್ಲ ಪಾಪ!” ಈ ಮಾತು ನನಗೆ ಸಾರಿಗಿಂತ ರುಚಿಸಿತು. ನಾನು ಕೀಟ್ಸನ ಸಾಲಿನವನು. ನನ್ನನ್ನು ಕೊಲ್ಲಲು ಹೊರಟವರು ಕೀಟ್ಸನನ್ನು ಕೊಂದವರ ವಂಶದವರು! ಹೀಗೆಂದುಕೊಂಡು ಪದ್ಯ ಬರೆಯುವುದನ್ನೇ ನಿಲ್ಲಿಸಿದೆ. ಹುತಾತ್ಮನಾಗುವುದರಲ್ಲಿ ಒಂದು ಸುಖವಿದೆ. ಅದಕ್ಕೆ ಹೆಚ್ಚು ದುಡಿಮೆ ಬೇಕಾಗುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ ಕೀಟ್ಸನ ಪತ್ರಗಳನ್ನು ಓದಿದಾಗ, ಗೆಳೆಯ ಹೇಳಿದ ಕಥೆ ಶುದ್ಧ ಸುಳ್ಳೆಂದು ತಿಳಿಯಿತು. ಆ ಕಥೆಯ ನಿಜವನ್ನೇ ಇಂದು ವಾಚಕರ ಮುಂದಿಡಬೇಕೆಂದಿದ್ದೇನೆ. ಪುಸ್ತಕ ಬರೆದು ಬೈಸಿಕೊಂಡವರು ನಮ್ಮಲ್ಲಿ ಕಡಮೆಯಿಲ್ಲ. ಅವರಿಗಾದರೂ ಉಪಯೋಗಕ್ಕೆ ಬಂದೀತು.

ಜಾನ್ ಕೀಟ್ಸ್ ಹುಟ್ಟಿದ್ದು 1795ರಲ್ಲಿ, ಲಂಡನ್ನಿನಲ್ಲಿ. ತಂದೆ ಕುದುರೆಲಾಯ ನೋಡಿಕೊಳ್ಳುತ್ತಿದ್ದವನು. ಹುಡುಗ ಔಷಧ ವೈದ್ಯನ ಬಳಿ ಕೆಲಸ ಕಲಿತು, ಗೈಸ್ ಆಸ್ಪತ್ರೆಯಲ್ಲಿ ಓದಿ, 1816ರಲ್ಲಿ ವೃತ್ತಿ ಮಾಡಲು ಪರವಾನಗಿ ಪಡೆದ. ಪಡೆದೂ ಅದನ್ನು ಬಿಟ್ಟು ಕವಿಯಾಗುತ್ತೇನೆಂದ. 1817ರಲ್ಲಿ ಮೊದಲ ಸಂಗ್ರಹ ಬಂತು. ಯಾರೂ ಕೊಳ್ಳಲಿಲ್ಲವೆಂದೇ ಹೇಳಬೇಕು. 1818ರ ವಸಂತದಲ್ಲಿ ‘ಎಂಡಿಮಿಯನ್’ ಹೊರಬಿತ್ತು. ನಾಲ್ಕು ಭಾಗ, ನಾಲ್ಕು ಸಾವಿರಕ್ಕೂ ಮಿಕ್ಕ ಪಂಕ್ತಿಗಳು. ಕವಿಯ ವಯಸ್ಸು ಇಪ್ಪತ್ತೆರಡು. ಮುನ್ನುಡಿಯಲ್ಲಿ ಅವನೇ ತನ್ನ ಕೃತಿ ಇನ್ನೂ ಮಾಗದ್ದು, ಎಳಸು ಎಂದು ಒಪ್ಪಿಕೊಂಡಿದ್ದ. ಹೊಡೆಯಲು ಬಂದವನ ಕೈಗೆ ತಾನೇ ಕೋಲು ಕೊಟ್ಟಂತಾಯಿತು.

ಹೊಡೆಯುವವರು ಸಿದ್ಧರಾಗಿಯೇ ಇದ್ದರು. ಆ ಕಾಲದ ಇಂಗ್ಲೆಂಡಿನ ವಿಮರ್ಶೆ ಸಾಹಿತ್ಯಕ್ಕಿಂತ ಹೆಚ್ಚಾಗಿ ರಾಜಕೀಯ ಕಕ್ಷಿಗಳ ಕೈಯಲ್ಲಿತ್ತು. ‘ಕ್ವಾರ್ಟರ್ಲಿ ರಿವ್ಯೂ’ ಮತ್ತು ‘ಬ್ಲ್ಯಾಕ್‌ವುಡ್ಸ್ ಎಡಿನ್‌ಬರೋ ಮ್ಯಾಗಝೀನ್’ ಇವೆರಡೂ ಟೋರಿಗಳ ಪರ. ಕೀಟ್ಸನಾದರೋ ಲೇ ಹಂಟನ ಗೆಳೆಯ. ಹಂಟ್ ‘ಎಕ್ಸಾಮಿನರ್’ ಪತ್ರಿಕೆಯ ಸಂಪಾದಕ. ರಾಜಪ್ರತಿನಿಧಿಯಾಗಿದ್ದ ರಾಜಕುಮಾರನನ್ನು ನಿಂದಿಸಿ ಬರೆದದ್ದಕ್ಕಾಗಿ ಎರಡು ವರ್ಷ ಸೆರೆಮನೆಯಲ್ಲಿದ್ದು ಬಂದವನು. ಹಂಟನ ಮೇಲಿನ ಸಿಟ್ಟನ್ನು ಅವನ ಗೆಳೆಯನ ಮೇಲೆ ತೀರಿಸಿಕೊಳ್ಳುವುದು ಸುಲಭವಾಗಿತ್ತು. ಬರೆಯುವವರು ಹೆಸರು ಹಾಕುತ್ತಿರಲಿಲ್ಲವಾದ್ದರಿಂದ ಇನ್ನೂ ಸುಲಭವಾಯಿತು.

1818ರ ಆಗಸ್ಟಿನಲ್ಲಿ ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ‘ಝಡ್’ ಎಂಬ ಒಂದಕ್ಷರದ ಮುಸುಕಿನಲ್ಲಿ ಲೇಖನ ಬಂತು. ಬರೆದವನು ಜಾನ್ ಗಿಬ್ಸನ್ ಲಾಕ್‌ಹಾರ್ಟ್. ಕೀಟ್ಸನಿಗಿಂತ ಒಂದೇ ವರ್ಷ ದೊಡ್ಡವನು. ಉಪವಾಸ ಬೀಳುವ ಕವಿಯಾಗುವುದಕ್ಕಿಂತ ಉಪವಾಸ ಬೀಳುವ ಔಷಧಗಾರನಾಗುವುದು ಲೇಸು, ಅಂಗಡಿಗೆ ಹೋಗಿ ಗುಳಿಗೆ ಮುಲಾಮುಗಳನ್ನು ನೋಡಿಕೋ ಎಂಬುದು ಅದರ ತಾತ್ಪರ್ಯ. ಕವಿತೆಯ ವಿಷಯ ಹಾಗಿರಲಿ, ಕವಿಯ ಹುಟ್ಟನ್ನೂ ಕಸುಬನ್ನೂ ಹಿಡಿದು ಆಡಿದ ಮಾತು ಇದು. ಮುಂದಿನ ತಿಂಗಳು ಕ್ವಾರ್ಟರ್ಲಿಯ ಸರದಿ. ಅಲ್ಲಿ ಬರೆದವನು ನೌಕಾ ಇಲಾಖೆಯ ಕಾರ್ಯದರ್ಶಿಯಾಗಿದ್ದ ಜಾನ್ ವಿಲ್ಸನ್ ಕ್ರೋಕರ್. ನಾಲ್ಕು ಭಾಗಗಳ ಪೈಕಿ ಮೊದಲನೆಯದನ್ನು ದಾಟಿ ಮುಂದಕ್ಕೆ ಹೋಗಲು ತನ್ನಿಂದಾಗಲಿಲ್ಲವೆಂದು ಆತ ನಾಚದೆ ಹೇಳಿಕೊಂಡ. ಕಾಲು ಪುಸ್ತಕ ಓದಿ ಇಡೀ ಪುಸ್ತಕಕ್ಕೆ ತೀರ್ಪು!

ಈಗ ಕೀಟ್ಸ್ ಏನು ಮಾಡಿದನೆಂಬುದನ್ನು ನೋಡಬೇಕು. ಪತ್ರಿಕೆಯೊಂದರಲ್ಲಿ ಅವನ ಪರವಾಗಿ ಇಬ್ಬರು ಪತ್ರ ಬರೆದರು. ಪ್ರಕಾಶಕ ಹೆಸ್ಸಿ ಅವನ್ನು ಕವಿಗೆ ಕಳಿಸಿಕೊಟ್ಟ. 1818ರ ಅಕ್ಟೋಬರಿನಲ್ಲಿ ಕೀಟ್ಸ್ ಬರೆದ ಉತ್ತರ ಈಗಲೂ ಇದೆ. ತನ್ನ ಕೃತಿಯನ್ನು ತಾನೇ ಕಠಿಣವಾಗಿ ಪರೀಕ್ಷಿಸಿಕೊಳ್ಳುವವನಿಗೆ ಹೊರಗಿನ ಹೊಗಳಿಕೆ ತೆಗಳಿಕೆಗಳ ಪರಿಣಾಮ ಕ್ಷಣಕಾಲದ್ದು, ಈ ಪತ್ರಿಕೆಗಳು ಕೊಡಬಲ್ಲ ನೋವಿಗಿಂತ ನನ್ನ ಒಳಗಿನ ವಿಮರ್ಶೆ ಕೊಟ್ಟ ನೋವು ಹೆಚ್ಚಿನದು ಎನ್ನುತ್ತಾನೆ. ತನ್ನ ಪರವಾಗಿ ಬರೆದವನೊಬ್ಬ ‘ಎಂಡಿಮಿಯನ್’ನಲ್ಲಿ ಅಜಾಗರೂಕತೆಯಿದೆ ಎಂದಿದ್ದ, ಅದು ಪೂರ್ತಿ ನಿಜವೆಂದು ಒಪ್ಪಿಕೊಳ್ಳುತ್ತಾನೆ. ಆದರೆ ಆಗ ನನ್ನೊಬ್ಬನ ಶಕ್ತಿಯಿಂದ ಮಾಡಬಹುದಾದಷ್ಟನ್ನು ಮಾಡಿದ್ದೇನೆ, ಅದಕ್ಕೆ ವಿಷಾದವಿಲ್ಲ ಎಂದೂ ಸೇರಿಸುತ್ತಾನೆ. ದಡದಲ್ಲಿ ಕುಳಿತು ಚಹ ಕುಡಿಯುತ್ತ ಹಿತೋಪದೇಶ ಕೇಳುತ್ತಿದ್ದರೆ ಸಮುದ್ರದ ಆಳ ತಿಳಿಯುತ್ತಿರಲಿಲ್ಲ. ನಾನು ತಲೆಮುಂದಾಗಿ ಧುಮುಕಿದೆ, ಆದ್ದರಿಂದ ಸುಳಿಯೆಲ್ಲಿ ಬಂಡೆಯೆಲ್ಲಿ ಎಂಬುದನ್ನು ಕಂಡೆ ಎಂಬರ್ಥದ ಮಾತೂ ಅಲ್ಲಿದೆ.

ಕೆಲವು ದಿನಗಳ ಮೇಲೆ ಅಮೆರಿಕದಲ್ಲಿದ್ದ ತಮ್ಮ ಜಾರ್ಜನಿಗೆ ಬರೆದ ಕಾಗದದಲ್ಲಿ, ನನ್ನನ್ನು ತುಳಿಯಲು ಹೋಗಿ ಇವರು ನನ್ನನ್ನು ಇನ್ನಷ್ಟು ಜನರ ಕಣ್ಣಿಗೆ ಬೀಳಿಸಿದರು ಎಂದು ನಗುತ್ತಾನೆ. ಸತ್ತ ಮೇಲೆ ಇಂಗ್ಲಿಷ್ ಕವಿಗಳ ಪಂಕ್ತಿಯಲ್ಲಿ ತನಗೊಂದು ಸ್ಥಾನ ಸಿಕ್ಕೀತೆಂಬ ನಂಬಿಕೆಯನ್ನೂ ತೋಡಿಕೊಳ್ಳುತ್ತಾನೆ. ಇದು ಸಾಯಲು ಹೊರಟವನ ಮಾತೇ?

ಆಗ ಅವನ ಮನೆಯಲ್ಲಿ ನಿಜವಾದ ಸಾವೊಂದು ಹೊಸ್ತಿಲಲ್ಲಿ ನಿಂತಿತ್ತು. ಕಿರಿಯ ತಮ್ಮ ಟಾಮ್ ಕ್ಷಯದಿಂದ ಸಾಯುತ್ತಿದ್ದ. ತಾಯಿಯನ್ನೂ 1810ರಲ್ಲಿ ಅದೇ ರೋಗ ಕೊಂಡೊಯ್ದಿತ್ತು. ಕೀಟ್ಸ್ ತಮ್ಮನ ಹಾಸಿಗೆಯ ಪಕ್ಕದಲ್ಲಿ ಕುಳಿತು ಶುಶ್ರೂಷೆ ಮಾಡುತ್ತಲೇ ‘ಹೈಪೀರಿಯನ್’ ಕಾವ್ಯವನ್ನು ಮೊದಲು ಮಾಡಿದ. ಪ್ರಾಸ ಎಳೆದತ್ತ ಅರ್ಥ ಓಡುತ್ತದೆ ಎಂಬುದು ‘ಎಂಡಿಮಿಯನ್’ ಮೇಲೆ ಕ್ರೋಕರ್ ಹೊರಿಸಿದ ಆರೋಪಗಳಲ್ಲಿ ಒಂದು. ‘ಹೈಪೀರಿಯನ್’ನಲ್ಲಿ ಪ್ರಾಸವೇ ಇಲ್ಲ! ಅದು ಮಿಲ್ಟನ್ನನ ಗಂಭೀರ ಛಂದಸ್ಸು. ಕ್ರೋಕರನ ಮಾತಿಗೆ ಹೆದರಿ ಹೀಗೆ ಮಾಡಿದನೆಂದು ನಾನು ಹೇಳಲಾರೆ. ತನ್ನ ದೋಷ ಅವನಿಗೆ ಮೊದಲೇ ತಿಳಿದಿತ್ತು. ಆದರೆ ಶತ್ರುವಿನ ಬಾಯಲ್ಲಿ ಬಂದಿತೆಂಬ ಕಾರಣಕ್ಕೆ ನಿಜವನ್ನು ಅವನು ಸುಳ್ಳೆನ್ನಲಿಲ್ಲ.

ಡಿಸೆಂಬರ್ 1ರಂದು ಟಾಮ್ ತೀರಿಕೊಂಡ. ಮುಂದಿನ 1819ನೆಯ ವರ್ಷ ಇಂಗ್ಲಿಷ್ ಕಾವ್ಯದ ಸುಗ್ಗಿಯ ವರ್ಷಗಳಲ್ಲೊಂದು. ಬುಲ್‌ಬುಲ್‌ನಂತೆ ಹಾಡುವ ನೈಟಿಂಗೇಲ್ ಹಕ್ಕಿಯ ಮೇಲಿನ ಪ್ರಗಾಥ, ಗ್ರೀಸಿನ ಭಸ್ಮಕುಂಭದ ಮೇಲಿನ ಪ್ರಗಾಥ, ಶರತ್ಕಾಲದ ಮೇಲಿನ ಕವಿತೆ, ಎಲ್ಲವೂ ಆ ಒಂದೇ ವರ್ಷದ ಫಲ. ವಿಮರ್ಶೆಯಿಂದ ಸತ್ತನೆಂದು ನಾವು ಮರುಗುವ ಮನುಷ್ಯ ವಿಮರ್ಶೆ ಬಂದ ಮರುವರ್ಷವೇ ಮಾಡಿದ ಕೆಲಸವಿದು. ಆ ಲೇಖನಗಳು ಅವನಿಗೆ ನಾಟಲೇ ಇಲ್ಲವೆಂದಲ್ಲ. ಪುಸ್ತಕ ಮಾರಾಟವಾಗದೆ ಕೈ ಬರಿದಾಗಿ, ಮನಸ್ಸು ಕಹಿಯಾದ ದಿನಗಳೂ ಇದ್ದವು. ಆದರೂ ಲೇಖನಿ ನಿಲ್ಲಲಿಲ್ಲ.

1820ರ ಫೆಬ್ರವರಿಯ ಒಂದು ರಾತ್ರಿ ಕೆಮ್ಮಿನೊಂದಿಗೆ ರಕ್ತ ಬಿತ್ತು. ವೈದ್ಯ ಓದಿದವನಿಗೆ ಆ ಬಣ್ಣದ ಅರ್ಥ ತಿಳಿಯದಿರುತ್ತದೆಯೆ? ಇದು ನನ್ನ ಮರಣಶಾಸನ ಎಂದು ಗೆಳೆಯನಿಗೆ ಹೇಳಿದ. ಮರುವರ್ಷ ಫೆಬ್ರವರಿ 23ರಂದು ರೋಮ್ ನಗರದಲ್ಲಿ ತೀರಿಕೊಂಡ. ಇಪ್ಪತ್ತೈದು ವರ್ಷ.

ಕೊಂದದ್ದು ಕ್ಷಯ. ಆದರೆ ಕ್ಷಯದ ಮೇಲೆ ಸಿಟ್ಟು ಮಾಡಿಕೊಳ್ಳಲಾದೀತೆ? ಷೆಲ್ಲಿ ಅದೇ 1821ರಲ್ಲಿ ಬರೆದ ‘ಅಡೊನೇಯಿಸ್’ ಶೋಕಗೀತೆಯ ಮುನ್ನುಡಿಯಲ್ಲಿ ಕ್ವಾರ್ಟರ್ಲಿಯನ್ನೇ ಕೊಲೆಗಾರನೆಂದ. ಬೈರನ್ ‘ಡಾನ್ ಹುವಾನ್’ನಲ್ಲಿ ಅದನ್ನು ಹಾಸ್ಯ ಮಾಡಿದ. ಗೋರಿಯ ಕಲ್ಲಿನ ಮೇಲೂ ಗೆಳೆಯರು ಶತ್ರುಗಳ ದುಷ್ಟತನವನ್ನು ಕೆತ್ತಿಸಿದರು. ಪ್ರೀತಿಯಿಂದ ಮಾಡಿದ್ದೇ ಸರಿ. ಆದರೆ ಧೀರನೊಬ್ಬನನ್ನು ಅಳುಬುರುಕನನ್ನಾಗಿ ಮಾಡಿದವರು ಶತ್ರುಗಳಲ್ಲ, ಗೆಳೆಯರು.

ಆ ಬೈರನ್ನನಿಗೂ ಪೆಟ್ಟು ಬಿದ್ದಿತ್ತು. 1808ರಲ್ಲಿ ‘ಎಡಿನ್‌ಬರೋ ರಿವ್ಯೂ’ ಅವನ ಮೊದಲ ಸಂಗ್ರಹವನ್ನು ಕುಟ್ಟಿ ಪುಡಿಮಾಡಿತು. ಅಂದು ಮೂರು ಸೀಸೆ ಮದ್ಯ ಕುಡಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಮರುವರ್ಷ ವಿಮರ್ಶಕರನ್ನೂ ಕವಿಗಳನ್ನೂ ಒಟ್ಟಿಗೆ ಚಚ್ಚುವ ವಿಡಂಬನ ಕಾವ್ಯ ಬರೆದು ಸೇಡು ತೀರಿಸಿಕೊಂಡ. ಮುಂದೆ ಅದಕ್ಕಾಗಿ ನಾಚಿ ಅದರ ಪ್ರಕಟಣೆಯನ್ನೇ ತಡೆದ. ಕಾದಂಬರಿಕಾರ ಥಾಮಸ್ ಹಾರ್ಡಿಯ ದಾರಿ ಮತ್ತೊಂದು. 1895ರಲ್ಲಿ ‘ಜೂಡ್’ ಬಂದಾಗ ಬಿಷಪ್ಪರೊಬ್ಬರು ಪುಸ್ತಕವನ್ನು ಬೆಂಕಿಗೆ ಹಾಕಿದೆನೆಂದು ಸಾರಿದರು. ಹಾರ್ಡಿ ಆಮೇಲೆ ಹೊಸ ಕಾದಂಬರಿಗೆ ಕೈಹಾಕಲಿಲ್ಲ. ಆದರೆ 1928ರಲ್ಲಿ ಸಾಯುವವರೆಗೂ ಕವಿತೆ ಬರೆದ. ಬಾಗಿಲೊಂದನ್ನು ಮುಚ್ಚಿದರೂ ಅವನು ಮನೆ ಬಿಟ್ಟು ಹೋಗಲಿಲ್ಲ.

ನಮ್ಮಲ್ಲೇ ಇದಕ್ಕಿಂತ ಕಟುವಾದ ವಿಮರ್ಶೆಯ ಐತಿಹ್ಯವೊಂದುಂಟು. ರಾಘವಾಂಕನು ಶಿವಭಕ್ತರನ್ನು ಬಿಟ್ಟು ಅರಸನೊಬ್ಬನ ಮೇಲೆ ‘ಹರಿಶ್ಚಂದ್ರ ಕಾವ್ಯ’ ಬರೆದನೆಂದು ಅವನ ಸೋದರಮಾವನೂ ಗುರುವೂ ಆದ ಹರಿಹರನು ಹೊಡೆದು ಹಲ್ಲುದುರಿಸಿದನಂತೆ. ಶಿಷ್ಯ ಕುಳಿತು ಶಿವಭಕ್ತರ ಕಾವ್ಯಗಳನ್ನು ಒಂದಾದಮೇಲೊಂದು ರಚಿಸಿದಂತೆ ಹಲ್ಲುಗಳು ಒಂದೊಂದಾಗಿ ಮರಳಿ ಬಂದುವಂತೆ. ನಿಜವೋ ಕಥೆಯೋ, ಎರಡು ಪಾಠಗಳಂತೂ ಇದರಲ್ಲಿವೆ. ಉದುರಿದ ಹಲ್ಲು ಬರುವುದು ಮತ್ತೆ ಬರೆದರೆ ಮಾತ್ರ. ಮತ್ತು ನಾಡು ಇಂದಿಗೂ ಹೆಚ್ಚಾಗಿ ಓದುವುದು ಗುರು ಬೈದ ಆ ‘ಹರಿಶ್ಚಂದ್ರ ಕಾವ್ಯ’ವನ್ನೇ!

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪೊಪ್ಪಿಗೆ ಉಳಿದಿದೆ. ಪದ್ಯ ಬಿಟ್ಟ ಮೇಲೆ ನಾನೂ ಪುಸ್ತಕ ವಿಮರ್ಶೆಗೆ ಕೈಹಾಕಿದೆ. ಒಮ್ಮೆ ಹೊಸಬನೊಬ್ಬನ ಕಥಾಸಂಗ್ರಹ ಬಂತು. ಎರಡು ಕಥೆ ಓದಿ, ಉಳಿದುವನ್ನು ಮಗುಚಿ ಹಾಕಿ, ಚಮತ್ಕಾರದ ಹತ್ತು ಸಾಲು ಬರೆದು ಕಳಿಸಿದೆ. ಸ್ನೇಹಿತರು ಓದಿ ನಕ್ಕರು, ನನಗೂ ಹೆಮ್ಮೆಯಾಯಿತು. ಆ ಹುಡುಗನ ಹೆಸರು ಮತ್ತೆ ಯಾವ ಪತ್ರಿಕೆಯಲ್ಲೂ ಕಾಣಲಿಲ್ಲ. ಕ್ರೋಕರನ ಕಥೆ ಓದಿದ ರಾತ್ರಿ ಆ ಪುಸ್ತಕವನ್ನು ಅಟ್ಟದಿಂದ ಹುಡುಕಿ ತೆಗೆದು ಪೂರ್ತಿ ಓದಿದೆ. ಆರನೆಯ ಕಥೆ ಒಳ್ಳೆಯದಾಗಿತ್ತು. ತುಂಬ ಒಳ್ಳೆಯದಾಗಿತ್ತು. ಕೀಟ್ಸನ ಸಾಲಿನವನೆಂದು ಬೀಗಿದ್ದ ನಾನು ನಿಜವಾಗಿ ಯಾರ ಸಾಲಿನವನೆಂಬುದು ಅಂದು ತಿಳಿಯಿತು.

ಆದಕಾರಣ ಬೈಸಿಕೊಂಡ ಲೇಖಕ ಮಿತ್ರರಿಗೆ ನನ್ನ ಬಿನ್ನಹ ಇಷ್ಟೇ. ವಿಮರ್ಶೆಯನ್ನು ಒಂದು ಸಲ ಓದಿ. ಅದರಲ್ಲಿ ನಿಜವಿದ್ದರೆ ಸದ್ದಿಲ್ಲದೆ ಎತ್ತಿಟ್ಟುಕೊಳ್ಳಿ. ಗುಳಿಗೆ ಮುಲಾಮಿನ ಮಾತಾಗಿದ್ದರೆ ಬಿಟ್ಟುಬಿಡಿ. ನಿಮ್ಮ ಪುಸ್ತಕಕ್ಕೆ ನಿಮಗಿಂತ ಕಠಿಣನಾದ ವಿಮರ್ಶಕ ಹುಟ್ಟದಂತೆ ನೋಡಿಕೊಳ್ಳಿ. ಮಾರನೆಯ ದಿನ ಮತ್ತೆ ಬರೆಯಲು ಕುಳಿತುಕೊಳ್ಳಿ. ಅದಕ್ಕೆ ಮೊದಲು ಊಟ ಮಾಡಿ; ಸಾರು ಆರಿಹೋದೀತು.

ಆರನೆಯ ಕಥೆಯನ್ನು ಬರೆದ ಆ ಮಹಾಶಯರು ಎಲ್ಲಾದರೂ ಇದನ್ನು ಓದುತ್ತಿದ್ದರೆ, ನಾನು ಅವರ ಪುಸ್ತಕವನ್ನು ಈಗ ಎರಡು ಸಲ ಓದಿದ್ದೇನೆಂದು ಅವರಿಗೆ ತಿಳಿಯಲಿ.