ಪಟ್ಟ

ಸಂಸ್ಕೃತದಲ್ಲಿ ಹಲಗೆಗೂ ಬಟ್ಟೆಯ ಪಟ್ಟಿಗೂ ರೇಷ್ಮೆಗೂ ಸಲ್ಲುತ್ತಿದ್ದ ‘ಪಟ್ಟ’ವೆಂಬ ಶಬ್ದವು ಅರಸರ ಹಣೆಗೆ ಕಟ್ಟುವ ಬಂಧವೆಂಬ ಅರ್ಥವನ್ನು ಪಡೆದು, ಅಲ್ಲಿಂದ ರಾಜ್ಯಾಧಿಕಾರವೆಂಬ ಅಮೂರ್ತ ಪದವಿಗೇ ಏರಿ ಕುಳಿತುದು ಸ್ವತಃ ಒಂದು ಪಟ್ಟಾಭಿಷೇಕದ ಕಥೆ. ಕನ್ನಡದಲ್ಲಿ ಅದರ ಪರಿವಾರ ದೊಡ್ಡದು: ಪಟ್ಟದರಸಿ, ಪಟ್ಟದಾನೆ, ಚಾಲುಕ್ಯರಿಗೆ ಪಟ್ಟವಾಗುತ್ತಿದ್ದ ಸ್ಥಳವೆಂದು ಖ್ಯಾತಿವೆತ್ತ, ಮಲಪ್ರಭೆಯ ದಡದ ಪಟ್ಟದಕಲ್ಲು. ಆದರೆ ಈ ನಾಮಪದಕ್ಕೆ ಒಲಿದ ಕ್ರಿಯಾಪದ ‘ಕಟ್ಟು’ ಎಂಬುದು. ಕಟ್ಟುವವರು ಬೇರೆ, ಕಟ್ಟಿಸಿಕೊಳ್ಳುವಾತನು ಬೇರೆ. ಮತ್ತು ಹಣೆಯ ಮೇಲಿರುವುದರಿಂದ, ಲೋಕಕ್ಕೆಲ್ಲ ಕಾಣುವ ಆ ವಸ್ತುವು ಧರಿಸಿದವನ ಕಣ್ಣಿಗೆ ಮಾತ್ರ ಕಾಣದು.

ಜಪಾನಿನ ಅಕಿರಾ ಕುರೊಸಾವಾ 1980ರಲ್ಲಿ ನಿರ್ಮಿಸಿದ ‘ಕಾಗೆಮುಶಾ’ ಚಿತ್ರದಲ್ಲಿ, ಶಿಲುಬೆಗೇರಬೇಕಾಗಿದ್ದ ಒಬ್ಬ ಕಳ್ಳನು, ತಾಕೆಡಾ ಶಿಂಗೆನ್ ಎಂಬ ಪ್ರಭುವನ್ನು ಹೋಲುವನೆಂಬ ಒಂದೇ ಕಾರಣಕ್ಕಾಗಿ, ಆ ಪ್ರಭುವು ಮಡಿದ ಸುದ್ದಿ ಶತ್ರುಗಳಿಗೆ ತಿಳಿಯದಂತೆ ಅವನ ಪೀಠದಲ್ಲಿ ಕುಳ್ಳಿರಿಸಲ್ಪಡುತ್ತಾನೆ. ಮೊದಮೊದಲು ಅದು ಅವನಿಗೆ ವೇಷ ಮಾತ್ರ. ಆದರೆ ರಾತ್ರಿಯ ಕಾಳಗವೊಂದರಲ್ಲಿ ತಾನು ಪರ್ವತದಂತೆ ಅಲುಗದೆ ಕುಳಿತಿರಲಾಗಿ, ತನ್ನನ್ನು ಕಾಯಲೆಂದು ಯುವಕರು ಕಣ್ಣೆದುರಿಗೇ ಹತರಾಗುವುದನ್ನು ಕಂಡ ಮೇಲೆ, ಆ ಪ್ರಾಣಗಳ ಋಣವು ಅವನ ನಡೆಯನ್ನೂ ನೋಟವನ್ನೂ ಬದಲಿಸಿಬಿಡುತ್ತದೆ. ಪಟ್ಟದ ಮರ್ಯಾದೆಯನ್ನರಿಯದ ಪ್ರಭುವಿನ ಕುದುರೆಯೊಂದು ಅವನನ್ನು ಕೆಳಕ್ಕೆ ಕೆಡಹುತ್ತದೆ, ಮೈಯಲ್ಲಿ ಹಳೆಯ ಗಾಯದ ಗುರುತಿಲ್ಲವೆಂಬುದು ಹೊರಬೀಳುತ್ತದೆ, ಅವನನ್ನು ಅಟ್ಟಿಬಿಡುತ್ತಾರೆ. ಆದಾಗ್ಯೂ ನಾಗಶಿನೊ ಯುದ್ಧದಲ್ಲಿ ತಾಕೆಡಾ ಸೈನ್ಯವು ನಾಶವಾದಾಗ, ಆ ಕುಲಕ್ಕೆ ಏನೂ ಅಲ್ಲದ ಅವನು ಈಟಿ ಹಿಡಿದು ಒಬ್ಬನೇ ಬಂದೂಕುಗಳಿಗೆ ಎದುರಾಗಿ ಓಡುತ್ತಾನೆ. ಕಟ್ಟಿದವರು ಬಿಚ್ಚಿಕೊಂಡರು, ನಿಜ, ಬಿಚ್ಚಿದ್ದು ಬಟ್ಟೆಯನ್ನಷ್ಟೆ.

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿಯೂ ಹೋಲಿಕೆಯೇ ಒಬ್ಬನಿಗೆ ಮೃತ್ಯುವಾಗುತ್ತದೆ: ಸುಲ್ತಾನನನ್ನು ನಿರ್ಭಯವಾಗಿ ಟೀಕಿಸುತ್ತಿದ್ದ ಶೇಖ್ ಇಮಾಮುದ್ದೀನನು ರಾಜವಸ್ತ್ರವನ್ನು ತೊಟ್ಟು ಸಂಧಾನಕ್ಕೆಂದು ಹೊರಟು, ಸುಲ್ತಾನನೇ ಎಂಬ ಭ್ರಾಂತಿಯಿಂದ ಕೊಲ್ಲಲ್ಪಡುತ್ತಾನೆ. ಸುಲ್ತಾನನಿಗಾದರೋ ಲೋಕವು ಮುಹೂರ್ತವನ್ನೂ ಪುರೋಹಿತನನ್ನೂ ಕೇಳದೆ ಇನ್ನೊಂದು ಪಟ್ಟವನ್ನು ಕಟ್ಟಿತು. ‘ಹುಚ್ಚನ ಪಟ್ಟ’ ಎಂಬ ಮಾತು ಕನ್ನಡದಲ್ಲಿ ಬಳಕೆಯಾಗಿರುವಷ್ಟು ಕಾಲ ಯಾವ ಕಿರೀಟವೂ ಬಾಳಿಕೆ ಬಂದಂತಿಲ್ಲ.

ಇವರ ನಡುವೆ ನನಗೆ ಅಚ್ಚರಿಯೆನಿಸುವಾತನು ಅದೇ ನಾಟಕದ, ಅಗಸನಾದ ಅಜೀಜ. ಬ್ರಾಹ್ಮಣನ ವೇಷ ತೊಟ್ಟು ಸುಲ್ತಾನನ ನ್ಯಾಯವನ್ನೇ ಲಾಭಕ್ಕೆ ತಿರುಗಿಸಿಕೊಂಡವನು, ಮುಂದೆ ಖಲೀಫರ ವಂಶಜನೊಬ್ಬನನ್ನು ಕೊಂದು, ಅವನ ನಿಲುವಂಗಿಯೊಳಗೆ ಹೊಕ್ಕು, ಸುಲ್ತಾನನಿಂದಲೇ ಪಾದಕ್ಕೆರಗಿಸಿಕೊಂಡವನು, ಒಳಗೆ ಎಳ್ಳಷ್ಟೂ ಬದಲಾಗುವುದಿಲ್ಲ. ಮೈಮೇಲಿನ ಬಟ್ಟೆ ಪರರದೆಂಬುದನ್ನು ಕುಲವೃತ್ತಿಯೇ ಕಲಿಸಿಕೊಟ್ಟಿದ್ದುದರಿಂದ ಹೀಗಾಗಿರಬಹುದೆ? ಗುಟ್ಟೆಲ್ಲ ಬಯಲಾದ ಬಳಿಕ ಸುಲ್ತಾನನು ಅವನ ತಲೆಯನ್ನು ತೆಗೆಸದೆ ದಖ್ಖನಿನಲ್ಲಿ ಅಧಿಕಾರವೊಂದನ್ನು ದಯಪಾಲಿಸುತ್ತಾನೆ. ಇಡಿಯ ನಾಟಕದಲ್ಲಿ ಆಳನ್ನು ಸರಿಯಾಗಿ ಅಳೆದು ಕಟ್ಟಿದ ಪಟ್ಟ ಅದೊಂದೇ ಎಂದು ನನಗೆ ಅನ್ನಿಸಿದ್ದುಂಟು.