ಎಂಎಸ್ ಪೀಡಿತ ಮಹಿಳೆಯರು: ಮೂತ್ರಕೋಶದ ತೊಂದರೆ ಮತ್ತು ವ್ಯಾಯಾಮ

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಹಾಗೂ ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಎಂಬ ಪೊರೆಗೆ ಹಾನಿ ಮಾಡುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್. ಸಂಕ್ಷೇಪವಾಗಿ ಎಂಎಸ್. 1868ರಲ್ಲಿ ಫ್ರಾನ್ಸ್‌ನ ನರರೋಗ ತಜ್ಞ ಶಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಸಾಮಾನ್ಯವಾಗಿ 20ರಿಂದ 40 ವರ್ಷ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು.

ನಡಿಗೆಯ ತೊಡಕು ಮನೆಯವರ ಕಣ್ಣಿಗೆ ಬೀಳುತ್ತದೆ. ಆದರೆ ಬಹುಪಾಲು ರೋಗಿಗಳನ್ನು ಒಂದಿಲ್ಲೊಂದು ಹಂತದಲ್ಲಿ ಕಾಡುವ ಮೂತ್ರಕೋಶದ ತೊಂದರೆ ಸಂಕೋಚದಿಂದಾಗಿ ವೈದ್ಯರ ಬಳಿಯೂ ಪ್ರಸ್ತಾಪವಾಗದೆ ಉಳಿಯುತ್ತದೆ.

ಕಾರಣವೇನು?

ಮೂತ್ರಕೋಶ ತುಂಬಿದ ಸಂದೇಶ ಬೆನ್ನುಹುರಿಯ ಮೂಲಕ ಮೆದುಳಿಗೆ ಹೋಗುತ್ತದೆ. ವಿಸರ್ಜನೆಯ ಆದೇಶ ಅದೇ ಹಾದಿಯಲ್ಲಿ ಮರಳುತ್ತದೆ. ಈ ಹಾದಿಗೆ ಹಾನಿಯಾದಾಗ ಎರಡು ಬಗೆಯ ತೊಂದರೆ ಉಂಟಾಗಬಹುದು. ಮೂತ್ರಕೋಶ ತುಂಬುವ ಮೊದಲೇ ಸಂಕುಚಿಸಿ ಅವಸರ, ಪದೇ ಪದೇ ವಿಸರ್ಜನೆ, ಸೋರಿಕೆ, ರಾತ್ರಿ ಹಲವು ಬಾರಿ ಏಳಬೇಕಾದ ಸ್ಥಿತಿ ಒಂದು. ಮೂತ್ರ ಪೂರ್ತಿ ಹೊರಹೋಗದೆ ಒಳಗೇ ಉಳಿಯುವುದು ಇನ್ನೊಂದು. ಕೆಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ವಿಷವರ್ತುಲ

ಸೋರಿಕೆಯ ಭಯದಿಂದ ಮಹಿಳೆ ಮೊದಲು ಬಸ್ ಪ್ರಯಾಣ, ಮದುವೆ ಸಮಾರಂಭ ಬಿಡುತ್ತಾಳೆ, ನಂತರ ವಾಯುವಿಹಾರವನ್ನೂ. ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾಳೆ. ಇದು ತಿರುಗುಬಾಣವಾಗುತ್ತದೆ. ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಅದರ ಮೇಲೆ ಒತ್ತಡ ಹೇರುತ್ತದೆ, ಸೋಂಕಿನ ಸಂಭವ ಹೆಚ್ಚುತ್ತದೆ. ಚಟುವಟಿಕೆಯಿಲ್ಲದೆ ಕಾಲಿನ ಬಲ ಕುಂದಿದಾಗ ಶೌಚಾಲಯವನ್ನು ಸಮಯಕ್ಕೆ ತಲುಪುವುದೂ ಕಷ್ಟವಾಗುತ್ತದೆ.

ವಿಶ್ರಾಂತಿಯೋ, ವ್ಯಾಯಾಮವೋ?

ವ್ಯಾಯಾಮದ ನಂತರ ಎಂಎಸ್ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ನೇತ್ರತಜ್ಞ ಊಟ್‌ಹಾಫ್ 1890ರಲ್ಲಿ ಗುರುತಿಸಿದ್ದರು. ದೇಹದ ಶಾಖ ಏರುವುದರಿಂದ ಹೀಗಾಗುತ್ತದೆ. ದೇಹ ತಣಿದಂತೆ ಸರಿಹೋಗುತ್ತದೆ. ಆದರೂ ದೀರ್ಘಕಾಲ ರೋಗಿಗಳಿಗೆ ವಿಶ್ರಾಂತಿಯನ್ನೇ ಸೂಚಿಸಲಾಗುತ್ತಿತ್ತು. 1996ರಲ್ಲಿ ಅಮೆರಿಕದ ಯೂಟಾದಲ್ಲಿ 54 ರೋಗಿಗಳ ಮೇಲೆ ನಡೆದ ಅಧ್ಯಯನ ಈ ಧೋರಣೆ ಬದಲಾಗಲು ನೆರವಾಯಿತು. 15 ವಾರ ವ್ಯಾಯಾಮ ಮಾಡಿದವರ ದೈಹಿಕ ಸಾಮರ್ಥ್ಯ ಹೆಚ್ಚಿತ್ತು. ಈಗ ಶಕ್ತ್ಯಾನುಸಾರ ನಡಿಗೆ, ಈಜು, ಯೋಗ, ಸೈಕಲ್ ತುಳಿತವನ್ನು ತಜ್ಞರು ಪ್ರೋತ್ಸಾಹಿಸುತ್ತಾರೆ. ಬೇಸಿಗೆಯಲ್ಲಿ ಮುಂಜಾನೆಯ ತಂಪು ಹೊತ್ತು ಅಥವಾ ಫ್ಯಾನ್ ಇರುವ ಕೋಣೆ ಸೂಕ್ತ.

ಮೂತ್ರಕೋಶಕ್ಕೆ ನೇರವಾಗಿ ನೆರವಾಗುವುದು ಕೆಗೆಲ್ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಕಟಿಸಿದರು. ಮೂತ್ರ ಮತ್ತು ಅಪಾನವಾಯುವನ್ನು ತಡೆಹಿಡಿಯುವಾಗ ಬಳಕೆಯಾಗುವ ಶ್ರೋಣಿತಳದ ಸ್ನಾಯುಗಳನ್ನು ಉಸಿರು ಬಿಗಿಹಿಡಿಯದೆ ಕೆಲವು ಸೆಕೆಂಡ್ ಬಿಗಿಗೊಳಿಸಿ, ಅಷ್ಟೇ ಹೊತ್ತು ಸಡಿಲಿಸಬೇಕು. ಮೂತ್ರ ವಿಸರ್ಜಿಸುವಾಗ ನಡುವೆ ತಡೆದು ಇದನ್ನು ಅಭ್ಯಾಸ ಮಾಡಬಾರದು. ಫಲ ಕಾಣಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು.

ಮೊದಲು ಪರೀಕ್ಷೆ

ಹಾನಿಗೊಂಡ ನರವನ್ನು ಈ ವ್ಯಾಯಾಮ ಸರಿಪಡಿಸದು. ಮೂತ್ರ ಒಳಗೇ ಉಳಿಯುವವರಿಗೆ ಸ್ನಾಯುಗಳನ್ನು ಬಿಗಿಗೊಳಿಸುವ ಅಭ್ಯಾಸ ತಕ್ಕುದಲ್ಲದಿರಬಹುದು. ಆದ್ದರಿಂದ ವಿಸರ್ಜನೆಯ ನಂತರ ಎಷ್ಟು ಮೂತ್ರ ಉಳಿದಿದೆ ಎಂಬುದನ್ನು ಮೊದಲು ಸ್ಕ್ಯಾನ್ ಮೂಲಕ ತಿಳಿಯಬೇಕು. ಸೋಂಕಿದೆಯೇ ಎಂದೂ ಪರೀಕ್ಷಿಸಬೇಕು. ಅಗತ್ಯವಿದ್ದರೆ ಮಾತ್ರೆ, ಮೂತ್ರಕೋಶಕ್ಕೆ ಬೊಟುಲಿನಮ್ ಚುಚ್ಚುಮದ್ದು, ದಿನಕ್ಕೆ ಕೆಲವು ಬಾರಿ ತಾವೇ ಕ್ಯಾಥೆಟರ್ ಬಳಸುವ ವಿಧಾನಗಳಿವೆ. ಜ್ವರ, ಉರಿಮೂತ್ರ, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಂಎಸ್ ಅನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಮೂತ್ರಕೋಶದ ತೊಂದರೆ ಹತೋಟಿಗೆ ಬಂದರೆ ಮನೆಯಿಂದ ಹೊರಗೆ ಹೆಜ್ಜೆಯಿಡುವ ಧೈರ್ಯ ಬರುತ್ತದೆ. ಆದಕಾರಣ ವೈದ್ಯರು ಕೇಳದಿದ್ದರೂ ಈ ವಿಷಯವನ್ನು ರೋಗಿಯೇ ಹೇಳುವುದು ಒಳಿತು.